ಗೋಡೆಯ ಬೂಷ್ಟು, ಮಗಳ ಕೆಮ್ಮು

ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಮನೆ ಇಲ್ಲ ಬಿಡಿ. ಆದರೆ ಮಗಳ ಕೆಮ್ಮು, ಉಬ್ಬಸ ನಿಲ್ಲಲೇ ಇಲ್ಲ. ಡಾಕ್ಟರು ಇನ್ಹೇಲರ್ ಕೊಟ್ಟು, ಮಲಗೋ ಕೋಣೆ ನೋಡಿ ಎಂದರು.

ಮನೆಯ ಬೂಷ್ಟು ಪರೀಕ್ಷೆ ಮಾಡುವವರನ್ನು ಬೆಂಗಳೂರಿನಿಂದ ಕರೆಸಿದೆವು. ಕೋಣೆಯ ಗಾಳಿಯ ಜೊತೆ ಅಂಗಳದ ಗಾಳಿಯನ್ನೂ ಹಿಡಿದರು. ಹೋಲಿಸದಿದ್ದರೆ ಲೆಕ್ಕ ಸಿಗೋದಿಲ್ಲ, ನಮ್ಮಲ್ಲಿ ಹೊರಗೂ ಬೂಷ್ಟಿನ ಕಣ ಜಾಸ್ತಿ ಅಲ್ವಾ? ನಿಜಕ್ಕೂ ಕೆಲಸಕ್ಕೆ ಬಂದದ್ದು ತೇವ ಅಳೆಯೋ ಮೀಟರು. ಬೀರುವಿನ ಪಕ್ಕದ ಗೋಡೆಗೆ ಮುಟ್ಟಿಸಿದ್ದೇ ತಡ, ಕೀಂಯ್ ಎಂದಿತು. ಬೀರು ಸರಿಸಿದರೆ ಆಳೆತ್ತರದ ಕಪ್ಪು ಕಲೆ. ಮೇಲೆ ಒಡೆದ ಹಂಚು, ಅಲ್ಲಿಂದ ನೀರು.

ಮಗಳನ್ನು ಅಜ್ಜಿ ಮನೆಗೆ ಕಳಿಸಿ ಹಂಚು ಬದಲಿಸಿದೆವು, ಗಾರೆ ಕೆತ್ತಿಸಿದೆವು. ಪೂರ್ತಿ ಒಣಗಿದ ಮೇಲೇ ಸುಣ್ಣ. ಸುಮ್ನೆ ಮೇಲೆ ಪೇಂಟ್ ಬಳಿದರೆ ಬೂಷ್ಟು ಮತ್ತೆ ಏಳುತ್ತದೆ. ಕೋಣೆಯ ತೇವಾಂಶ 60% ದಾಟದಂತೆ ಈಗ ಗಾಳಿಯ ತೇವ ಹೀರೋ ಯಂತ್ರ, ಡಿಹ್ಯುಮಿಡಿಫೈಯರ್, ಇಟ್ಟಿದ್ದೇವೆ. ಕೆಮ್ಮು ಇಳಿದಿದೆ. ಇನ್ಹೇಲರ್ ಮಾತ್ರ ಡಾಕ್ಟರು ಹೇಳುವ ತನಕ ಬಿಡೋದಿಲ್ಲ.