ಬಲದ ಬೇರುಗಳಿಂದ ಇಂಗ್ಲಿಷ್ ಪದ ಕಲಿಯುವುದು ಹೇಗೆ?

ಪಿಯುಸಿ ವಿಜ್ಞಾನಕ್ಕೆ ಸೇರಿದ ಕನ್ನಡ ಮಾಧ್ಯಮದ ಮಕ್ಕಳೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೂ ಬಳ್ಳಾರಿ, ರಾಯಚೂರಿನ ಗ್ರಂಥಾಲಯಗಳಲ್ಲಿ ಕುಳಿತು ಇಂಗ್ಲಿಷ್ ಪದಗಳನ್ನು ನಿಘಂಟಿನ ಕ್ರಮದಲ್ಲೇ ಉರುಹೊಡೆಯುವುದನ್ನು ಬಹಳ ಕಾಲದಿಂದ ನೋಡುತ್ತ ಬಂದಿದ್ದೇನೆ. 'ಡಿ' ಅಕ್ಷರ ದಾಟುವ ಹೊತ್ತಿಗೆ 'ಎ' ಅಕ್ಷರದ ಪದಗಳು ಮರೆತಿರುತ್ತವೆ. ಮೂಲ ಧಾತು ಹಿಡಿದು ಕಲಿಯಿರಿ ಎಂದರೆ ಅಕ್ಷರಗಳು ಹೋಲುವ ಪದಗಳಿಗೆಲ್ಲ ನೆಂಟಸ್ತಿಕೆ ಕಟ್ಟಿಬಿಡುತ್ತಾರೆ. ಆದ್ದರಿಂದ 'ಬಲ' ಎಂಬ ಒಂದೇ ಅರ್ಥದ ಸುತ್ತಲಿನ ಗ್ರೀಕ್ ಮತ್ತು ಲ್ಯಾಟಿನ್ ಬೇರುಗಳನ್ನು ತೆಗೆದುಕೊಂಡು ಈ ಕೆಲಸದ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಒಂದು ನೋಟ್‌ಬುಕ್‌ನಲ್ಲಿ ಎಂಟು ಪುಟಗಳನ್ನು ಬಿಟ್ಟುಕೊಂಡು, ಪ್ರತಿ ಪುಟದ ತಲೆಯಲ್ಲಿ ಒಂದೊಂದು ಬೇರನ್ನು ಬರೆಯಿರಿ. ಲ್ಯಾಟಿನ್ನಿನಿಂದ ಫೋರ್ಟಿಸ್ (ಬಲಶಾಲಿ), ವಲೇರೆ (ಬಲವಾಗಿರು, ಬೆಲೆಯುಳ್ಳದ್ದಾಗಿರು), ರೋಬುರ್ (ಓಕ್ ಮರ, ಅದರ ಗಟ್ಟಿತನ), ಫಿರ್ಮುಸ್ (ದೃಢ), ಪೋಟೆನ್ಸ್ (ಸಮರ್ಥ). ಗ್ರೀಕಿನಿಂದ ಸ್ಥೆನೋಸ್ (ದೇಹಬಲ), ಡೂನಮಿಸ್ (ಶಕ್ತಿ), ಕ್ರಾಟೋಸ್ (ಬಲ, ಅಧಿಕಾರ). ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಿಗುವ 'ಐನೂರು ಮೂಲಪದಗಳು' ಬಗೆಯ ಕಿರುಹೊತ್ತಗೆಗಳನ್ನು ಕೊಳ್ಳಬೇಡಿ. ಅವುಗಳಲ್ಲಿ ಗ್ರೀಕ್ ಯಾವುದು, ಲ್ಯಾಟಿನ್ ಯಾವುದು ಎಂಬ ಗೊಡವೆಯೇ ಇರುವುದಿಲ್ಲ.

ಎರಡನೆಯದಾಗಿ, ನಿಮಗೆ ಈಗಾಗಲೇ ಗೊತ್ತಿರುವ ಪದಗಳನ್ನು ಆಯಾ ಪುಟದಲ್ಲಿ ಇಳಿಸಿ: ಫೋರ್ಟ್, ಫೋರ್ಸ್, ವ್ಯಾಲಿಡ್, ಕನ್‌ಫರ್ಮ್, ಪೊಟೆನ್ಷಿಯಲ್, ಸೈಕಲ್ಲಿನ ಡೈನಮೊ. ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಪೇಟೆಂಟ್ ಪಡೆದ ಡೈನಮೈಟ್ ಕೂಡ ಅದೇ ಡೂನಮಿಸ್ ಪುಟಕ್ಕೆ ಸೇರುತ್ತದೆ, ರಾಜವಂಶವೆಂಬ ಅರ್ಥದ ಡೈನಸ್ಟಿಯೂ ಸೇರುತ್ತದೆ.

ಮೂರನೆಯದು, ಪದದ ಮುಂದಿರುವ ಉಪಸರ್ಗವನ್ನು ಬಿಡಿಸುವುದು. ಹತ್ತನೇ ತರಗತಿಯ ವ್ಯಾಕರಣದಲ್ಲಿ ಸತ್ ಮತ್ತು ಜನ ಸೇರಿ ಸಜ್ಜನವಾದದ್ದನ್ನು ಕಲಿತವರಿಗೆ ಇದು ಹೊಸದಲ್ಲ. ಎಕ್ಸ್ ಎಂಬ ಉಪಸರ್ಗ 'ಎಫ್' ಅಕ್ಷರದ ಮುಂದೆ ಬಂದಾಗ ತಾನೂ 'ಎಫ್' ಆಗಿ ಎಫರ್ಟ್ ಎಂಬ ಪದವಾಯಿತು. ಒಳಗಿನ ಬಲವನ್ನು ಹೊರಗೆ ಹಾಕುವುದೇ ಪ್ರಯತ್ನ. ಕಾನ್ ಎಂಬುದು 'ಆರ್' ಅಕ್ಷರದ ಮುಂದೆ ಕಾರ್ ಆಗಿ ಕರಾಬರೇಟ್ ಬಂತು; ಒಬ್ಬ ಸಾಕ್ಷಿಯ ಮಾತಿಗೆ ಇನ್ನೊಬ್ಬನ ಮಾತು ಓಕ್ ಮರದ ಗಟ್ಟಿತನ ಕೊಡುತ್ತದೆ ಎಂಬುದು ಅದರ ಒಳಗಿನ ಭಾವ. ಈ ಪದದಲ್ಲಿ 'ಆರ್' ಎರಡು ಬರುವುದೇಕೆ ಎಂಬುದಕ್ಕೂ ಇದೇ ಉತ್ತರ, ಕಾಗುಣಿತವನ್ನು ಬೇರೆಯಾಗಿ ಬಾಯಿಪಾಠ ಮಾಡುವ ಅಗತ್ಯ ಬೀಳುವುದಿಲ್ಲ.

ನಾಲ್ಕನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಪುಟದಲ್ಲಿ ಬರೆದ ಪ್ರತಿ ಪದವೂ ನಿಜವಾಗಿ ಆ ಮನೆತನದ್ದೇ ಎಂದು ಪರೀಕ್ಷಿಸಬೇಕು. ಫಾರ್ಟಿ ಎಂಬ ಸಂಖ್ಯೆಗೂ ಫೋರ್ಟಿಸ್‌ಗೂ ಸಂಬಂಧವಿಲ್ಲ, ಅದು ಹಳೆಯ ಇಂಗ್ಲಿಷಿನ ನಾಲ್ಕು ಹತ್ತು. ಫೋರ್ಟ್‌ನೈಟ್ ಎಂದರೆ ಹದಿನಾಲ್ಕು ರಾತ್ರಿ, ಫಾರ್ಚೂನ್ ಹುಟ್ಟಿದ್ದು ಅದೃಷ್ಟವೆಂಬ ಅರ್ಥದ ಬೇರೊಂದು ಲ್ಯಾಟಿನ್ ಪದದಿಂದ. ರೊಬಸ್ಟ್ ಪಕ್ಕದಲ್ಲಿ ರೋಬಾಟನ್ನು ಬರೆಯುವವರು ಬಹಳ. ಅದು ಚೆಕ್ ಭಾಷೆಯ ರೋಬೋಟಾ, ಅಂದರೆ ಬಿಟ್ಟಿ ಚಾಕರಿ, 1920ರ ಚೆಕ್ ನಾಟಕವೊಂದರಿಂದ ಲೋಕಕ್ಕೆಲ್ಲ ಹರಡಿದ ಪದ. ಇಂಟರ್‌ವಲ್ ಎಂಬುದರಲ್ಲಿಯೂ ವಲೇರೆ ಇಲ್ಲ, ಕೋಟೆಯ ಒಡ್ಡು ಎಂಬ ಅರ್ಥದ ವಲ್ಲುಮ್ ಇದೆ. ಎರಡು ಸುತ್ತಿನ ಗೋಡೆಗಳ ರಾಯಚೂರು ಕೋಟೆಯನ್ನು ನೋಡಿದವರಿಗೆ ಒಡ್ಡುಗಳ ನಡುವಿನ ಜಾಗ ಎಂಬ ಅದರ ಮೂಲಾರ್ಥ ಸುಲಭವಾಗಿ ಹಿಡಿಯುತ್ತದೆ.

ವೈದ್ಯಕೀಯ, ನರ್ಸಿಂಗ್ ಓದುವವರಿಗೆ ದೊಡ್ಡ ಗುಂಡಿಯೆಂದರೆ ಸ್ಥೆನೋಸ್ ಮತ್ತು ಸ್ಟೆನೋಸ್. ಮೊದಲನೆಯದು ಬಲ, ಎರಡನೆಯದು ಇಕ್ಕಟ್ಟು, ಎರಡೂ ಗ್ರೀಕೇ. ಇಂಗ್ಲಿಷ್ ಕಾಗುಣಿತದಲ್ಲಿ 'ಟಿ' ಆದಮೇಲೆ 'ಎಚ್' ಇದ್ದರೆ ಅದು ಬಲ, ಇಲ್ಲದಿದ್ದರೆ ಇಕ್ಕಟ್ಟು. ಹೀಗಾಗಿ ಅಸ್ತೀನಿಯಾ ಎಂದರೆ ನಿಶ್ಶಕ್ತಿ, ಮಯಸ್ತೀನಿಯಾ ಎಂದರೆ ಸ್ನಾಯುಗಳ ನಿಶ್ಶಕ್ತಿ, ಕ್ಯಾಲಿಸ್ತೆನಿಕ್ಸ್ ಎಂದರೆ ಚೆಲುವು ಮತ್ತು ಬಲ ಎರಡನ್ನೂ ತರುವ, ಗರಡಿಯ ದಂಡ, ಬಸ್ಕಿಯಂಥ ವ್ಯಾಯಾಮ. ಆದರೆ ಸ್ಟೆನೋಗ್ರಾಫರ್ ಇಕ್ಕಟ್ಟಾಗಿ, ಅಂದರೆ ಶೀಘ್ರಲಿಪಿಯಲ್ಲಿ ಬರೆಯುವವರು. ಹೃದ್ರೋಗದ ವರದಿಯಲ್ಲಿ ಬರುವ 'ವಾಲ್ವ್ ಸ್ಟೆನೋಸಿಸ್' ಎಂಬುದನ್ನು ಅವಸರದಲ್ಲಿ ಓದಿದರೆ ಎರಡು ಕಡೆಯೂ ಬಲವೇ ಕಾಣುತ್ತದೆ. ವಾಸ್ತವದಲ್ಲಿ ವಾಲ್ವ್ ಎಂಬುದು ಲ್ಯಾಟಿನ್ನಿನ ಬಾಗಿಲ ರೆಕ್ಕೆ, ಸ್ಟೆನೋಸಿಸ್ ಅದು ಕಿರಿದಾಗಿರುವ ಸ್ಥಿತಿ; ಬಲದ ಬೇರು ಅಲ್ಲಿ ಒಂದೂ ಇಲ್ಲ.

ಈ ಪರೀಕ್ಷೆಗೆ ಅಡ್ಡದಾರಿಯಿಲ್ಲ. ವ್ಯುತ್ಪತ್ತಿಯನ್ನು ಕೊಡುವ ದೊಡ್ಡ ನಿಘಂಟನ್ನೇ ತೆರೆಯಬೇಕು. ಜೇಬಿನ ನಿಘಂಟುಗಳಲ್ಲಿ ಸಾಮಾನ್ಯವಾಗಿ ಆ ಭಾಗವನ್ನೇ ಬಿಟ್ಟಿರುತ್ತಾರೆ. ತಪ್ಪೆಂದು ತಿಳಿದ ಪದವನ್ನು ಅಳಿಸದೆ, ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಅದರ ನಿಜವಾದ ಮೂಲವನ್ನು ಬರೆದಿಡಿ. ಪರೀಕ್ಷೆಯ ಹಿಂದಿನ ದಿನ ಆ ಕೆಂಪು ಸಾಲುಗಳನ್ನು ಓದಿಕೊಂಡರೂ ಪ್ರಯೋಜನವಾಗುತ್ತದೆ.

ಐದನೆಯದಾಗಿ, ಅರ್ಥ ಎಷ್ಟು ದೂರ ಸರಿದಿದೆ ಎಂಬುದನ್ನು ಒಂದು ಸಾಲಿನಲ್ಲಿ ಗುರುತಿಸಿ. ಕಂಫರ್ಟ್ ಎಂದರೆ ಮೊದಲು ಧೈರ್ಯ ತುಂಬುವುದಾಗಿತ್ತು, ಸುಖಾಸನದ ಅರ್ಥ ನಂತರದ್ದು. ಇನ್‌ವ್ಯಾಲಿಡ್ ಎಂಬುದನ್ನು 'ವ್ಯಾ' ಮೇಲೆ ಒತ್ತು ಕೊಟ್ಟು ಹೇಳಿದರೆ ಅಸಿಂಧು, 'ಇನ್' ಮೇಲೆ ಒತ್ತು ಕೊಟ್ಟರೆ ಹಾಸಿಗೆ ಹಿಡಿದ ರೋಗಿ. ಬಲವಿಲ್ಲದ್ದು ಎಂಬ ಒಂದೇ ಮೂಲದಿಂದ ಎರಡೂ ಬಂದಿವೆ. ಫಾರ್ಮ್, ಅಂದರೆ ಹೊಲ, ಕೂಡ ಫಿರ್ಮುಸ್ ವಂಶದ್ದೇ: ಗೇಣಿಯಾಗಿ ಕೊಡುವ ನಿಗದಿತ ಮೊತ್ತ ಎಂಬ ಅರ್ಥ ಮೊದಲಿತ್ತು, ಬಳಿಕ ಗೇಣಿಯ ಭೂಮಿಗೇ ಆ ಹೆಸರು ನಿಂತಿತು.

ಕೊನೆಗೆ ಪ್ರತಿ ಪದಕ್ಕೂ ಸ್ವಂತ ವಾಕ್ಯವೊಂದನ್ನು ಬರೆಯಿರಿ, ಪುಸ್ತಕದ ವಾಕ್ಯ ಬೇಡ. ವಾರಕ್ಕೊಂದು ಪುಟದಂತೆ ಸಾಗಿ, ಕ್ರಾಟೋಸ್ ಪುಟವನ್ನು ಕಡೆಗೆ ಇಟ್ಟುಕೊಳ್ಳಿ. ಡೆಮಾಕ್ರಸಿ, ಅರಿಸ್ಟಾಕ್ರಸಿ, ಬ್ಯೂರಾಕ್ರಸಿ, ಆಟೊಕ್ರಾಟ್ ಎಲ್ಲವೂ ರಾಜ್ಯಶಾಸ್ತ್ರದ ಪಾಠಗಳಲ್ಲಿ ಬಂದುಹೋಗಿರುವುದರಿಂದ ಅದು ಒಂದೇ ಸಂಜೆಯಲ್ಲಿ ಮುಗಿಯುತ್ತದೆ.