ಡಿಎಸ್‌ಎಲ್‌ಆರ್ ಬಿಟ್ಟು ಮಿರರ್‌ಲೆಸ್‌ಗೆ: ಮೊದಲು ಲೆನ್ಸ್ ಲೆಕ್ಕ ಹಾಕಿ

ಹೊಸ ಕ್ಯಾಮೆರಾ ನೋಡಲು ಅಂಗಡಿಗೆ ಹೊರಡುವ ಮುನ್ನ ಮನೆಯಲ್ಲೇ ಒಂದು ಕೆಲಸವಿದೆ. ಹಳೆಯ ಬ್ಯಾಗಿನಲ್ಲಿರುವ ಲೆನ್ಸ್, ಫ್ಲ್ಯಾಶ್, ಬ್ಯಾಟರಿ, ಕಾರ್ಡ್ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಒಂದೊಂದಾಗಿ ಚೀಟಿಯಲ್ಲಿ ಬರೆದುಕೊಳ್ಳಿ. ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಬಿಟ್ಟು, ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗೆ ಹೋಗುವವರು ಬಾಡಿಯ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದ, ಬೆಲೆಯನ್ನಷ್ಟೇ ನೋಡುತ್ತಾರೆ. ಜೇಬಿಗೆ ನಿಜವಾದ ಕತ್ತರಿ ಬೀಳುವುದು ಆಮೇಲೆ, ಲೆನ್ಸ್‌ಗಳನ್ನು ಒಂದೊಂದಾಗಿ ಬದಲಿಸುವಾಗ. ಅದನ್ನು ತಡೆಯಬಹುದು, ತಡೆಯದಿದ್ದರೂ ಎರಡು ಮೂರು ವರ್ಷ ಮುಂದೂಡಬಹುದು.

ಬದಲಿಸಲೇಬೇಕೆ?

ನಿಕಾನ್ ಮತ್ತು ಕ್ಯಾನನ್ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ಬಾಡಿ ತಂದಿಲ್ಲ. ಪ್ಯಾನಸೋನಿಕ್ 2008ರಲ್ಲಿ ಲುಮಿಕ್ಸ್ ಜಿ1 ತಂದಾಗ ಮಿರರ್‌ಲೆಸ್ ಅನ್ನು ಆಟಿಕೆ ಎಂದು ನಕ್ಕವರಿದ್ದರು. ಸೋನಿ 2013ರಲ್ಲಿ ಫುಲ್‌ಫ್ರೇಮ್ (ಹಳೆಯ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್‌ನ) ಎ7 ತಂದ ಮೇಲೆ ಆ ನಗು ಕಡಿಮೆಯಾಯಿತು. 2018ರಲ್ಲಿ ನಿಕಾನ್ ಝಡ್ ಸರಣಿಯೂ ಕ್ಯಾನನ್ ಆರ್ ಸರಣಿಯೂ ಬಂದಮೇಲೆ ದಾರಿ ಯಾವ ಕಡೆಗೆಂಬುದು ಸ್ಪಷ್ಟವಾಯಿತು.

ಹಾಗೆಂದು ನಿಮ್ಮ ಕೈಲಿರುವ ಕ್ಯಾಮೆರಾ ಕೆಟ್ಟಿಲ್ಲ. ಟ್ರೈಪಾಡ್ ಇಟ್ಟು ಹಂಪಿಯ ಬಂಡೆ, ಜೋಗದ ನೀರು ತೆಗೆಯುವವರಿಗೆ ನಿಕಾನ್ ಡಿ850ನಂಥ ಡಿಎಸ್‌ಎಲ್‌ಆರ್ ಇದ್ದರೆ ಬದಲಿಸಲು ನನಗಂತೂ ಕಾರಣ ಕಾಣುವುದಿಲ್ಲ. ಓಡುವ ಪ್ರಾಣಿ, ಹಾರುವ ಹಕ್ಕಿ, ಮದುವೆ, ವಿಡಿಯೊ ಇವುಗಳಿಂದ ಹೊಟ್ಟೆ ಹೊರೆಯುವವರ ಮಾತು ಬೇರೆ. ಡಿಎಸ್‌ಎಲ್‌ಆರ್‌ನಲ್ಲಿ ಫೋಕಸ್ ಅಳೆಯುವ ಸೆನ್ಸರ್ ಕ್ಯಾಮೆರಾದ ತಳದಲ್ಲಿದ್ದು, ಕನ್ನಡಿಯ ಮೂಲಕ ಬಂದ ಬೆಳಕನ್ನು ನೋಡುತ್ತದೆ. ಚಿತ್ರ ಮೂಡುವ ಸೆನ್ಸರ್ ಬೇರೆ. ಇವೆರಡರ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಣ್ಣಿಗೆ ಹಿಡಿದ ಫೋಕಸ್ ಕಿವಿಗೆ ಬೀಳುತ್ತದೆ. ಮಿರರ್‌ಲೆಸ್‌ನಲ್ಲಿ ಚಿತ್ರ ಮೂಡುವ ಸೆನ್ಸರೇ ಫೋಕಸನ್ನೂ ನೋಡುವುದರಿಂದ ಈ ತಕರಾರು ಹುಟ್ಟುವುದಿಲ್ಲ. ಮುಖ, ಕಣ್ಣು, ಹಕ್ಕಿಯನ್ನು ಗುರುತಿಸಿ ಬೆನ್ನಟ್ಟುವುದು ಸಾಧ್ಯವಾಗಿರುವುದೂ ಇದರಿಂದಲೇ.

ಲೆನ್ಸ್ ಪರೀಕ್ಷೆ

ಬಾಡಿಗೆ ಲೆನ್ಸ್ ಸಿಕ್ಕಿಸುವ ಬಾಯಿಗೆ ಮೌಂಟ್ ಎನ್ನುತ್ತಾರೆ. ನಿಕಾನ್‌ನ ಡಿಎಸ್‌ಎಲ್‌ಆರ್‌ಗಳ ಎಫ್ ಮೌಂಟ್‌ನಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ವರೆಗೆ 46.5 ಮಿಲಿಮೀಟರ್ ಅಂತರವಿತ್ತು. ಝಡ್ ಮೌಂಟ್‌ನಲ್ಲಿ ಅದು 16ಕ್ಕೆ ಇಳಿದಿದೆ. ಕ್ಯಾನನ್‌ನ ಇಎಫ್‌ನಲ್ಲಿ 44 ಇದ್ದದ್ದು ಆರ್‌ಎಫ್‌ನಲ್ಲಿ 20 ಆಗಿದೆ. ಕನ್ನಡಿ ಏಳಲು ಬೇಕಿದ್ದ ಜಾಗ ಉಳಿಯಿತು. ಆ ಉಳಿದ ಜಾಗಕ್ಕೆ ಸರಿಯಾಗಿ ಒಂದು ಟೊಳ್ಳು ಕೊಳವೆ ಸಿಕ್ಕಿಸಿದರೆ ಹಳೆಯ ಲೆನ್ಸ್ ತನ್ನ ಹಳೆಯ ದೂರದಲ್ಲೇ ಕೂರುತ್ತದೆ. ಅಡಾಪ್ಟರ್ ಎಂದರೆ ಇಷ್ಟೇ. ಕ್ಯಾನನ್‌ನದು 24, ನಿಕಾನ್‌ನದು 30.5 ಮಿಲಿಮೀಟರ್ ದಪ್ಪ. ಒಳಗೆ ಗಾಜಿಲ್ಲ, ಆದ್ದರಿಂದ ಚಿತ್ರದ ಗುಣಮಟ್ಟ ತಗ್ಗುವುದಿಲ್ಲ. ಇದು ಒಮ್ಮುಖ ರಸ್ತೆ ಎಂಬುದು ನೆನಪಿರಲಿ: ಹೊಸ ಮೌಂಟ್‌ನ ಲೆನ್ಸನ್ನು ಹಳೆಯ ಬಾಡಿಗೆ ಹಾಕಲಾಗದು.

ಕ್ಯಾನನ್ ಬಳಸುವವರು ಇಲ್ಲಿ ಅದೃಷ್ಟವಂತರು. 1987ರಲ್ಲಿ ಬಂದ ಇಎಫ್ ಮೌಂಟ್‌ನಲ್ಲಿ ಆಟೊಫೋಕಸ್ ಮೋಟರ್ ಮೊದಲಿನಿಂದಲೂ ಲೆನ್ಸ್‌ನ ಒಳಗೇ ಇದೆ. ಅಡಾಪ್ಟರ್ ಹಾಕಿದರೆ ಇಪ್ಪತ್ತು ವರ್ಷ ಹಳೆಯ 70-200 ಜೂಮ್ ಲೆನ್ಸ್ ಕೂಡ ತಾನಾಗಿಯೇ ಫೋಕಸ್ ಮಾಡುತ್ತದೆ.

ನಿಕಾನ್ ಬಳಸುವವರು ಪ್ರತಿ ಲೆನ್ಸನ್ನೂ ತಿರುಗಿಸಿ ನೋಡಬೇಕು. ಹಿಂಬದಿಯ ಮುಚ್ಚಳ ಬಿಚ್ಚಿ, ಲೋಹದ ರಿಂಗ್ ಮೇಲೆ ಬೆರಳಾಡಿಸಿ. ಸ್ಕ್ರೂಡ್ರೈವರ್ ಕೂರುವಂಥ ಸೀಳಿರುವ ಪುಟ್ಟ ಸ್ಕ್ರೂ ತಲೆ ಅಲ್ಲಿ ಕಂಡರೆ, ಅದನ್ನು ತಿರುಗಿಸುವ ಮೋಟರ್ ಇರುವುದು ಹಳೆಯ ಬಾಡಿಯಲ್ಲಿ. ನಮ್ಮ ಎಷ್ಟೋ ಮದುವೆ ಫೋಟೊಗ್ರಾಫರ್‌ಗಳ ಕೈಲಿರುವ 50 ಎಂಎಂ 1.8ಡಿ, ದೊಡ್ಡ 80-200 ಡಿ ಲೆನ್ಸ್‌ಗಳು ಈ ಜಾತಿಯವು. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಆ ಮೋಟರ್ ಇಲ್ಲ. ಲೆನ್ಸ್ ಕೂರುತ್ತದೆ, ಚಿತ್ರವೂ ಬರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸಬೇಕು. ತಾಳಿ ಕಟ್ಟುವ ಹೊತ್ತಿನಲ್ಲಿ ಅದು ಆಗುವ ಕೆಲಸವಲ್ಲ. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿದ್ದರೆ ಚಿಂತೆಯಿಲ್ಲ. ಚೀಟಿಯಲ್ಲಿ ಸ್ಕ್ರೂ ಇರುವವುಗಳ ಮುಂದೆ ಗುರುತು ಹಾಕಿ. ಮಾರಬೇಕಾದವು ಅವೇ.

ಸಣ್ಣ ಸೆನ್ಸರ್‌ನ ಬಾಡಿಯಿಂದ ಫುಲ್‌ಫ್ರೇಮ್‌ಗೆ ಹೋಗುವವರಿಗೆ ಇನ್ನೊಂದು ಲೆಕ್ಕವಿದೆ. ಸಣ್ಣ ಸೆನ್ಸರ್‌ಗೆಂದೇ ಮಾಡಿದ ಕ್ಯಾನನ್‌ನ ಇಎಫ್-ಎಸ್, ನಿಕಾನ್‌ನ ಡಿಎಕ್ಸ್ ಲೆನ್ಸ್ ಹಾಕಿದ ಕೂಡಲೇ ಕ್ಯಾಮೆರಾ ಸೆನ್ಸರ್‌ನ ನಡುಭಾಗವನ್ನಷ್ಟೇ ಬಳಸುತ್ತದೆ. ನಿಕಾನ್‌ನಲ್ಲಿ 24 ಮೆಗಾಪಿಕ್ಸೆಲ್ ಇದ್ದದ್ದು ಸುಮಾರು 10 ಆಗುತ್ತದೆ. ಹಾಗೆ ಬಳಸುವುದಾದರೆ ಫುಲ್‌ಫ್ರೇಮ್‌ಗೆ ದುಡ್ಡು ಸುರಿದು ಏನು ಬಂತು?

ಸಿಗ್ಮಾ, ಟ್ಯಾಮ್ರಾನ್‌ನಂಥ ಬೇರೆ ಕಂಪನಿಗಳ ಲೆನ್ಸ್‌ಗಳ ವಿಷಯದಲ್ಲಿ ಯಾರ ಮಾತನ್ನೂ ನಂಬಬೇಡಿ. ಕೆಲವಕ್ಕೆ ಫರ್ಮ್‌ವೇರ್ (ಲೆನ್ಸ್‌ನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬೇಕಾಗುತ್ತದೆ. ನಿಮ್ಮ ಲೆನ್ಸನ್ನೇ ಅಂಗಡಿಗೆ ಒಯ್ದು, ಅಲ್ಲಿನ ಬಾಡಿಗೆ ಹಾಕಿಸಿ, ರಸ್ತೆಯಲ್ಲಿ ಹೋಗುವ ಸ್ಕೂಟರ್ ಮೇಲೆ ಫೋಕಸ್ ಹಿಡಿದು ನೋಡಿ.

ಬಾಡಿಯೊಂದಿಗೆ ಬರುವ ಖರ್ಚು

ಡಿ850ಕ್ಕೆ ಒಂದು ಚಾರ್ಜ್‌ಗೆ 1840 ಚಿತ್ರ ಎಂದು ಕಂಪನಿ ಹೇಳಿತ್ತು. ಅದೇ ಕಂಪನಿ ತನ್ನ ಮಿರರ್‌ಲೆಸ್ ಝಡ್6ಕ್ಕೆ ಹೇಳಿದ್ದು 310. ಪರದೆ ಮತ್ತು ಸೆನ್ಸರ್ ಸದಾ ಉರಿಯುತ್ತಿರುವುದಕ್ಕೆ ತೆರುವ ಬೆಲೆ ಇದು. ಬಿಡದೆ ಕ್ಲಿಕ್ಕಿಸಿದರೆ ಇದಕ್ಕಿಂತ ಹೆಚ್ಚು ಬರುತ್ತದೆ, ಆದರೂ ಮದುವೆ ಮನೆಗೆ ಮೂರು ಬ್ಯಾಟರಿ ಇಲ್ಲದೆ ಹೋಗಬೇಡಿ. ಸಮಾಧಾನದ ಸಂಗತಿಯೆಂದರೆ ನಿಕಾನ್‌ನ ಇಎನ್-ಇಎಲ್15, ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿಗಳು ಝಡ್6, ಆರ್6ನಂಥ ಬಾಡಿಗಳಿಗೂ ಹೊಂದುತ್ತವೆ.

ಕಾರ್ಡ್ ಮತ್ತು ಕಂಪ್ಯೂಟರ್ ಮರೆಯಬೇಡಿ. ಝಡ್6ರಲ್ಲಿ ಎಸ್‌ಡಿ ಕಾರ್ಡ್‌ಗೆ ಜಾಗವೇ ಇಲ್ಲ, ಬೇರೆ ಬಗೆಯ ಕಾರ್ಡ್ ಬೇಕು. ಸ್ಟುಡಿಯೊದಲ್ಲಿ ಚಿತ್ರ ತಿದ್ದಲು ಇನ್ನೂ ಅಡೋಬಿಯ ಲೈಟ್‌ರೂಮ್ 6 ಸಾಫ್ಟ್‌ವೇರ್ ಓಡಿಸುತ್ತಿದ್ದರೆ, ಅದರ ಕೊನೆಯ ಅಪ್‌ಡೇಟ್ ಬಂದದ್ದು 2017ರಲ್ಲಿ. ಆಮೇಲೆ ಬಂದ ಕ್ಯಾಮೆರಾಗಳ ರಾ ಫೈಲ್ (ಸೆನ್ಸರ್ ಕೊಟ್ಟ ಮೂಲ ಫೈಲ್) ಅದರಲ್ಲಿ ತೆರೆಯುವುದಿಲ್ಲ. ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಬದಲಿಸಿಕೊಂಡರೆ ತೆರೆಯುತ್ತದೆ. ಕೆಲಸ ಒಂದು ಹೆಜ್ಜೆ ಹೆಚ್ಚು, ಖರ್ಚಿಲ್ಲ.

ಮೊದಲ ದಿನದ ಸೆಟ್ಟಿಂಗ್

ಮಿರರ್‌ಲೆಸ್ ವ್ಯೂಫೈಂಡರ್ ತೋರಿಸುವುದು ನೀವು ಹಾಕಿದ ಎಕ್ಸ್‌ಪೋಶರ್‌ನಲ್ಲಿ (ಬೆಳಕಿನ ಅಳತೆಯಲ್ಲಿ) ಚಿತ್ರ ಹೇಗೆ ಬರುತ್ತದೆ ಎಂಬುದನ್ನು. ಹಗಲಿನಲ್ಲಿ ಇದು ವರ. ಸ್ಟುಡಿಯೊ ಫ್ಲ್ಯಾಶ್ ಹಚ್ಚಿ ಶಟರ್ ವೇಗ 1/200 ಸೆಕೆಂಡ್, ಅಪರ್ಚರ್ ಎಫ್8 ಇಟ್ಟರೆ ವ್ಯೂಫೈಂಡರ್ ತುಂಬ ಕಗ್ಗತ್ತಲು, ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗುತ್ತದೆ. ಮೆನುವಿನಲ್ಲಿ ಕ್ಯಾನನ್‌ನವರು ಎಕ್ಸ್‌ಪೋಶರ್ ಸಿಮ್ಯುಲೇಶನ್, ಸೋನಿಯವರು ಸೆಟ್ಟಿಂಗ್ ಎಫೆಕ್ಟ್ ಆಫ್ ಮಾಡಿದರೆ ಬೆಳಕು ಮರಳುತ್ತದೆ. ಈ ಆಯ್ಕೆಯನ್ನು ಒಂದು ಬಟನ್‌ಗೆ ಕಟ್ಟಿಕೊಳ್ಳಿ, ಒಳಗೂ ಹೊರಗೂ ಓಡಾಡುವ ದಿನ ಬೇಕಾಗುತ್ತದೆ.

ಸದ್ದಿಲ್ಲದ ಶಟರ್ ಮೇಲೆ ಹೊಸಬರಿಗೆ ಬಲು ಮೋಹ. ಕಬಿನಿಯ ಸಫಾರಿ ಜೀಪಿನಲ್ಲಿ ಅದು ಚಿನ್ನ, ಟಕಟಕ ಸದ್ದಿಗೆ ಜಿಂಕೆ ಕಿವಿ ನಿಮಿರಿಸುವುದಿಲ್ಲ. ಕಲ್ಯಾಣ ಮಂಟಪದಲ್ಲಿ ಅದೇ ಕೈಕೊಡುತ್ತದೆ. ಹೆಚ್ಚಿನ ಬಾಡಿಗಳ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ, ಆ ಹೊತ್ತಿನಲ್ಲಿ ಎಲ್‌ಇಡಿ ದೀಪ ಹಲವು ಸಲ ಮಿನುಗಿರುತ್ತದೆ. ವಧುವಿನ ಮುಖದ ಮೇಲೆ ಕಪ್ಪು ಪಟ್ಟಿಗಳು ಬೀಳುವುದು ಹೀಗೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಬಹುತೇಕ ಬಾಡಿಗಳು ಫ್ಲ್ಯಾಶನ್ನೂ ಹಾರಿಸುವುದಿಲ್ಲ. ನಿಕಾನ್ ಝಡ್9ನಂಥ ವೇಗದ ಸೆನ್ಸರ್‌ನ ದುಬಾರಿ ಬಾಡಿಗಳ ಮಾತು ಬಿಡಿ, ಉಳಿದವರು ಮಂಟಪದಲ್ಲಿ ಮೆಕ್ಯಾನಿಕಲ್ ಶಟರ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಹಳೆಯ ಟ್ಯೂಬ್‌ಲೈಟ್‌ಗಳ ಕೆಳಗೆ ಶಟರ್ ವೇಗ 1/50 ಅಥವಾ 1/100 ಸುರಕ್ಷಿತ.

ಕಣ್ಣು ಹಿಡಿಯುವ ಫೋಕಸ್ ಜಾಣನೇ, ಆದರೆ ಇಡೀ ಫ್ರೇಮಿನ ಅಧಿಕಾರ ಅದಕ್ಕೆ ಕೊಡಬೇಡಿ. ಧಾರೆಯ ಸಮಯದಲ್ಲಿ ಪುರೋಹಿತರು ಬಾಗಿದರೆ ಅದು ಅವರ ಕಣ್ಣಿಗೆ ಜಿಗಿಯುತ್ತದೆ. ಫೋಕಸ್ ಜಾಗವನ್ನು ಸಣ್ಣ ಚೌಕಕ್ಕೆ ಇಳಿಸಿ, ಅದರೊಳಗೆ ಸಿಕ್ಕ ಕಣ್ಣನ್ನಷ್ಟೇ ಹಿಡಿಯಲಿ.

ಲೆನ್ಸ್ ಬದಲಿಸುವಾಗ ಬಾಡಿಯ ಬಾಯಿ ಕೆಳಮುಖವಾಗಿರಲಿ. ಕನ್ನಡಿ ಇಲ್ಲದ್ದರಿಂದ ಸೆನ್ಸರ್ ನೇರ ಗಾಳಿಗೆ ತೆರೆದಿರುತ್ತದೆ, ಅರಿಶಿನ ಶಾಸ್ತ್ರದ ಮನೆಯಲ್ಲಿ ಲೆನ್ಸ್ ಬಿಚ್ಚುವುದೇ ಬೇಡ. ಬಿಸಿಲಲ್ಲಿ ಕ್ಯಾಮೆರಾ ಇಡುವಾಗ ಲೆನ್ಸ್‌ಗೆ ಮುಚ್ಚಳ ಹಾಕಿ.

ಹಳೆಯದನ್ನು ಏನು ಮಾಡುವುದು?

ಹಳೆಯ ಬಾಡಿಗೆ ಈಗ ಸಿಗುವ ಬೆಲೆ ನೋಡಿದರೆ ಮಾರುವುದಕ್ಕಿಂತ ಎರಡನೇ ಕ್ಯಾಮೆರಾ ಆಗಿ ಇಟ್ಟುಕೊಳ್ಳುವುದೇ ಮೇಲು ಎನಿಸುತ್ತದೆ. ಹಲವರು ಹೀಗೆ ಯೋಚಿಸದೆ ಲೆನ್ಸ್ ಸಮೇತ ಮಾರುತ್ತಿರುವುದರಿಂದ ಒಳ್ಳೆಯ ಇಎಫ್ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿವೆ. ಅಡಾಪ್ಟರ್ ಇದ್ದವರಿಗೆ ಇದು ಸುಗ್ಗಿ. ಕೊಳ್ಳುವ ಮುನ್ನ ಟಾರ್ಚ್ ಬಿಟ್ಟು ಒಳಗೆ ಫಂಗಸ್ ಇದೆಯೇ ನೋಡಿ, ಮಲೆನಾಡು, ಕರಾವಳಿಯಲ್ಲಿ ಬಳಸಿದ್ದಾದರೆ ಎರಡು ಸಲ ನೋಡಿ.

ಎರಡೂ ಕ್ಯಾಮೆರಾ ಹೊತ್ತು ಕೆಲಸಕ್ಕೆ ಹೊರಡುವ ಬೆಳಿಗ್ಗೆ ಎರಡರ ಗಡಿಯಾರವನ್ನೂ ಸೆಕೆಂಡ್ ಸಮೇತ ಸರಿಹೊಂದಿಸಿ. ಇಲ್ಲದಿದ್ದರೆ ಆಲ್ಬಂ ಜೋಡಿಸುವ ಹುಡುಗನ ಕಂಪ್ಯೂಟರ್‌ನಲ್ಲಿ ಸಪ್ತಪದಿ ಮುಗಿದ ಮೇಲೆ ಧಾರೆ ಬರುತ್ತದೆ.