ಮಾರುತಿ 800ರ ನೀಲಿ ಹೊಗೆ: ವಾಲ್ವ್ ಸೀಲ್ ಬದಲಿಸಿದ ನನ್ನ ಅನುಭವ

ಹಳೇ ಪೆಟ್ರೋಲ್ ಕಾರು ನೀಲಿ ಹೊಗೆ ಬಿಟ್ಟರೆ (ಅಂದರೆ ಇಂಜಿನ್ ಆಯಿಲ್ ಸುಟ್ಟರೆ) ಸಾಕು, ನೋಡಿದವರೆಲ್ಲ "ರಿಂಗ್ ಹೋಗಿದೆ, ಹಾಫ್ ಇಂಜಿನ್ ಮಾಡಿಸಿ" ಅಂತಾರೆ. ನನ್ನ 1996ರ ಕಾರ್ಬುರೇಟರ್ ಮಾರುತಿ 800ಕ್ಕೂ ಗ್ಯಾರೇಜಿನಲ್ಲಿ ಇದೇ ಮಾತು ಬಂತು. ಬಾನೆಟ್ ಕೂಡ ಎತ್ತಿರಲಿಲ್ಲ! ಹಾಫ್ ಇಂಜಿನ್ ಅಂದರೆ ಪಿಸ್ಟನ್, ಅದರ ಸುತ್ತಿನ ಬಳೆಯಂಥ ರಿಂಗು, ಬೇಕಾದರೆ ಸಿಲಿಂಡರಿನ ಬೋರು, ಅಷ್ಟೂ ಖರ್ಚು. ಅದಕ್ಕೆ ಮೊದಲು ಹೊಗೆ ಯಾವಾಗ ಬರುತ್ತದೆ ಅಂತ ಸರಿಯಾಗಿ ಗಮನಿಸೋಣ ಅಂದುಕೊಂಡೆ.

ನಾವಿರೋದು ಮೂಡಿಗೆರೆ ಕಡೆ. ಉಜಿರೆಗೆ ಹೋಗಬೇಕಾದರೆ ಚಾರ್ಮಾಡಿ ಘಾಟಿ ಇಳಿಯಲೇಬೇಕು. ಕೊಟ್ಟಿಗೆಹಾರ ದಾಟಿ ಎರಡನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಾ ಹೋಗಿ, ಕೆಳಗೆ ಚಾರ್ಮಾಡಿ ಹತ್ತಿರ ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದೆ ಬರುವ ಬೈಕಿನವರು ಕಾಣದಷ್ಟು ಹೊಗೆ. ವಾಪಸ್ ಬರುವಾಗ ಅದೇ ಘಾಟಿಯನ್ನು ಇಂಜಿನ್ ಮುಕ್ಕರಿದು ಹತ್ತುವಾಗ ಕನ್ನಡಿಯಲ್ಲಿ ಏನೂ ಇಲ್ಲ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಒಂದು ನೀಲಿ ಉಂಡೆ ಹೊಗೆ, ಆಮೇಲೆ ಸ್ವಚ್ಛ.

ಇದು ವಾಲ್ವ್ ಸೀಲ್ ಹೋಗಿರುವ ಲಕ್ಷಣ. ವಾಲ್ವಿನ ಕಡ್ಡಿ ಸುತ್ತ ಕೂತು ಆಯಿಲ್ ತಡೆಯುವ ಪುಟ್ಟ ರಬ್ಬರ್ ಟೋಪಿ ಅದು. ಥ್ರಾಟಲ್ (ಇಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚಿಕೊಂಡು ಇಂಜಿನ್ ಜೋರಾಗಿ ತಿರುಗುವಾಗ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಗಾಳಿ, ಪೆಟ್ರೋಲ್ ಒಳಗೆ ಬರುವ ಕೊಳವೆ) ನಿರ್ವಾತ ಜಾಸ್ತಿ. ಸೀಲಿನ ರಬ್ಬರ್ ಬಿರುಸಾಗಿ ಹಿಡಿತ ಕಳೆದುಕೊಂಡಿದ್ದರೆ ಹೆಡ್ (ಇಂಜಿನ್ನಿನ ಮೇಲ್ಭಾಗ) ಮೇಲಿನ ಆಯಿಲ್ ಇನ್‌ಟೇಕ್ ವಾಲ್ವಿನ ಕಡ್ಡಿ ಗುಂಟ ಒಳಗೆ ಎಳೆದುಕೊಳ್ಳುತ್ತದೆ. ರಾತ್ರಿಯೆಲ್ಲ ಕಾರು ನಿಂತಿದ್ದಾಗಲೂ ಹನಿ ಹನಿಯಾಗಿ ಇಳಿದಿರುತ್ತದೆ, ಬೆಳಗಿನ ಹೊಗೆ ಅದು. ರಿಂಗ್ ಸವೆದಿದ್ದರೆ ಹೆಚ್ಚಾಗಿ ಏರು ಹತ್ತುವಾಗ, ಲೋಡ್ ಬಿದ್ದಾಗ ಹೊಗೆ ಬರಬೇಕು.

ಇಷ್ಟಕ್ಕೇ ನಂಬಿ ಹೆಡ್ ಬಿಚ್ಚಲಿಲ್ಲ. ಬ್ರೀದರ್ ಪೈಪು (ಇಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪು) ಕಟ್ಟಿಕೊಂಡಿದ್ದರೂ ಆಯಿಲ್ ಸುಡುತ್ತದೆ, ಅದನ್ನು ತೆಗೆದು ಊದಿ ನೋಡಿದೆ, ಸರಿಯಿತ್ತು. ಆಮೇಲೆ ಕಂಪ್ರೆಷನ್ ಟೆಸ್ಟ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು. ಇಂಜಿನ್ ಬಿಸಿ ಮಾಡಿ, ಮೂರೂ ಪ್ಲಗ್ ತೆಗೆದು, ಕಾಯಿಲ್ ವೈರ್ ಕಿತ್ತು, ಪ್ಲಗ್ ತೂತಿಗೆ ಒತ್ತಡದ ಮೀಟರ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಮೂರೂ ಸಿಲಿಂಡರು 150 ಪಿಎಸ್‌ಐ ಆಸುಪಾಸು, ಒಂದಕ್ಕೊಂದು ಹತ್ತಿರ. ಪ್ಲಗ್ ತೂತಿನಿಂದ ಒಂದೊಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಸ್ವಲ್ಪವೇ ಏರಿತು. ರಿಂಗ್ ಹೋಗಿದ್ದರೆ ಆಯಿಲ್ ಸಂದು ತುಂಬಿ ಮೀಟರಿನ ಮುಳ್ಳು ಚೆನ್ನಾಗಿ ಮೇಲೆ ಹೋಗಬೇಕಿತ್ತು. ಹಾಫ್ ಇಂಜಿನ್ ಮಾತು ಅಲ್ಲಿಗೆ ಮುಗಿಯಿತು.

ಹೆಡ್ ಇಳಿಸದೇನೂ ಸೀಲ್ ಬದಲಿಸಬಹುದು. ಪ್ಲಗ್ ತೂತಿನಲ್ಲಿ ನೈಲಾನ್ ಹಗ್ಗ ತುರುಕಿ ಪಿಸ್ಟನ್ ಮೇಲೆತ್ತಿ, ಅಥವಾ ಕಂಪ್ರೆಸರ್ ಗಾಳಿ ಬಿಟ್ಟು ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು ಮಾಡುತ್ತಾರೆ. ನನಗೆ ಗೈಡ್ (ವಾಲ್ವ್ ಕಡ್ಡಿ ಜಾರುವ ಕೊಳವೆ) ಎಷ್ಟು ಸವೆದಿದೆ ಅಂತ ನೋಡಬೇಕಿತ್ತು. ಗೈಡ್ ಸಡಿಲವಾಗಿದ್ದರೆ ವಾಲ್ವ್ ಅಲ್ಲಾಡಿ ಹೊಸ ಸೀಲನ್ನೂ ಬೇಗ ತಿಂದುಹಾಕುತ್ತದೆ, ಸುಮ್ನೆ ದುಡ್ಡು ದಂಡ. ಹಾಗಾಗಿ ಹೆಡ್ ಇಳಿಸಿದೆ. ಸೀಲ್ ಸೆಟ್, ಹೆಡ್ ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕವು. ಈ ಕಾರಿನ ತಯಾರಿಕೆ 2014ರಲ್ಲೇ ನಿಂತರೂ ಬಿಡಿಭಾಗಕ್ಕೆ ಪರದಾಟ ಇಲ್ಲ. ಸೀಲ್ ಕೇಳುವಾಗ ವಿಟಾನ್ ರಬ್ಬರಿನದೇ ಕೇಳಿ, ಬಿಸಿ ಚೆನ್ನಾಗಿ ತಡೆಯುತ್ತದೆ.

ಬಿಚ್ಚುವ ಕೆಲಸದಲ್ಲಿ ಹೇಳುವಂಥದ್ದು ಕಡಿಮೆ. ಬ್ಯಾಟರಿ ವೈರ್ ತೆಗೆದು, ಕೂಲೆಂಟ್ ಇಳಿಸಿ, ಕಾರ್ಬುರೇಟರಿನ ಪ್ರತಿ ಪೈಪಿಗೂ ಚೀಟಿ ಅಂಟಿಸಿ. ಬೆಲ್ಟ್ ಬಿಚ್ಚುವ ಮೊದಲು ಟೈಮಿಂಗ್ ಗುರುತುಗಳನ್ನು ಕೂಡಿಸಿ ಫೋಟೋ ತೆಗೆದುಕೊಳ್ಳಿ. ಹೆಡ್ ಅಲ್ಯೂಮಿನಿಯಂನದು, ಹಾಗಾಗಿ ಇಂಜಿನ್ ಪೂರ್ತಿ ತಣ್ಣಗಾದ ಮೇಲೇ ಬೋಲ್ಟ್ ಮುಟ್ಟಬೇಕು. ಹೊರಗಿನವುಗಳಿಂದ ಒಳಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಒಂದನ್ನೇ ಪೂರ್ತಿ ಬಿಚ್ಚಿದರೆ ಹೆಡ್ ಸೊಟ್ಟ ಆಗಬಹುದು.

ಹೆಡ್ ಮೇಜಿನ ಮೇಲೆ ಬಂದ ಮೇಲೆ ರಾಕರ್ (ವಾಲ್ವ್ ಒತ್ತುವ ತೋಳು) ತೆಗೆದು, ಪ್ರತಿ ರಿಟೇನರ್ (ವಾಲ್ವ್ ಸ್ಪ್ರಿಂಗಿನ ಮೇಲಿನ ಬಿಲ್ಲೆ) ಮೇಲೆ ಸಾಕೆಟ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಒಂದೇಟು ಕೊಟ್ಟೆ. ವರ್ಷಗಟ್ಟಲೆ ಕಚ್ಚಿಕೊಂಡ ವಾಲ್ವ್ ಲಾಕ್ ಸಡಿಲ ಆಗುತ್ತದೆ. ಆಮೇಲೆ ಸ್ಪ್ರಿಂಗ್ ಕಂಪ್ರೆಸರ್ ಕಚ್ಚಿಸಿ ತಿರುಗಿಸಿದರೆ ಸ್ಪ್ರಿಂಗ್ ತಗ್ಗಿ ಎರಡು ಪುಟ್ಟ ಲಾಕುಗಳು ಕಾಣುತ್ತವೆ. ಅವನ್ನು ಮ್ಯಾಗ್ನೆಟ್‌ನಿಂದ ಎತ್ತಿ, ಬೆರಳಿನಲ್ಲಿ ಹಿಡಿಯಲು ಹೋಗಬೇಡಿ. ರಟ್ಟಿನಲ್ಲಿ ಆರು ತೂತು ಮಾಡಿ, ನಂಬರ್ ಬರೆದು ಆರೂ ವಾಲ್ವ್ ಸಿಗಿಸಿಟ್ಟೆ. ಯಾವ ಗೈಡಿನ ವಾಲ್ವ್ ಅದೇ ಗೈಡಿಗೇ ಹೋಗಬೇಕು.

ಹಳೇ ಸೀಲ್ ಒಂದನ್ನು ಪ್ಲೈಯರಿನಲ್ಲಿ ತಿರುಚಿ ಎಳೆದು ಉಗುರಿನಿಂದ ಒತ್ತಿದೆ. ಚಕ್ಕುಲಿ ಮುರಿದ ಹಾಗೆ ಪಟಕ್ಕನೆ ಎರಡಾಯಿತು. ರಬ್ಬರ್ ಅನ್ನೋದೇ ಉಳಿದಿರಲಿಲ್ಲ. ಒಳತುಟಿ ಎಷ್ಟು ಸವೆದಿತ್ತೆಂದರೆ ವಾಲ್ವ್ ಕಡ್ಡಿ ಅದರಲ್ಲಿ ಸಲೀಸಾಗಿ ಜಾರುತ್ತಿತ್ತು. ಹೊಸ ಸೀಲಿನಲ್ಲಿ ಅದೇ ಕಡ್ಡಿ ಹಿಡಿದು ಹಿಡಿದು ಹೋಗುತ್ತದೆ. ಗೈಡ್ ನೋಡಲು ವಾಲ್ವನ್ನು ಸ್ವಲ್ಪ ಮೇಲೆತ್ತಿ ತಲೆ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸಿದೆ. ಇನ್‌ಟೇಕ್ ಮೂರೂ ಬಿಗಿ. ಒಂದು ಎಕ್ಸಾಸ್ಟ್ ಗೈಡ್ ಮಾತ್ರ ತುಸು ಆಟ ಕೊಟ್ಟಿತು. ಎಕ್ಸಾಸ್ಟ್ ಕಡೆ ಆಯಿಲ್ ಎಳೆಯುವ ನಿರ್ವಾತ ಇರೋದಿಲ್ಲ, ಅದಕ್ಕೆ ಬಿಟ್ಟೆ. ಇನ್‌ಟೇಕಿನದು ಹಾಗಿದ್ದರೆ ಖಂಡಿತ ಲೇತಿಗೆ ಕಳಿಸುತ್ತಿದ್ದೆ.

ಹೆಡ್ ಹೇಗೂ ಇಳಿದಿದೆ ಅಂತ ಪೇಸ್ಟ್ ಹಚ್ಚಿ ಆರೂ ವಾಲ್ವ್ ಲ್ಯಾಪ್ ಮಾಡಿದೆ, ಅಂದರೆ ಅವುಗಳ ಸೀಟಿಗೆ ಸರಿಯಾಗಿ ಕೂರುವ ಹಾಗೆ ತಿರುಗಿಸಿ ಉಜ್ಜಿದೆ. ಲ್ಯಾಪಿಂಗ್ ಮುಗಿದ ಮೇಲೆ ಹೆಡ್ ತೊಳೆಯೋದರಲ್ಲಿ ಸೋಮಾರಿತನ ಬೇಡ. ಪೇಸ್ಟಿನ ಚೂರು ಗೈಡಿನಲ್ಲಿ ಉಳಿದರೆ ಅದೇ ಅರೆಯುತ್ತಾ ಕೂರುತ್ತದೆ.

ಹೊಸ ಸೀಲ್ ಕೂರಿಸೋದು ನಾಜೂಕು ಕೆಲಸ. ಮೊದಲು ಸ್ಪ್ರಿಂಗ್ ಸೀಟ್ ವಾಷರ್ ಹಾಕಬೇಕು, ಸೀಲ್ ಕೂರಿಸಿದ ಮೇಲೆ ಅದು ಹೋಗುವುದಿಲ್ಲ. ಸೀಲಿಗೆ ಇಂಜಿನ್ ಆಯಿಲ್ ಹಚ್ಚಿ, ಸರಿ ಅಳತೆಯ ಸಾಕೆಟ್ ಇಟ್ಟು ಅಂಗೈಯಿಂದ ನೇರ ಒತ್ತಿದರೆ ಗೈಡಿನ ಕಚ್ಚಿಗೆ ಟಕ್ ಅಂತ ಕೂರುತ್ತದೆ. ಸುತ್ತಿಗೆ ಮುಟ್ಟಲೇಬೇಡಿ. ಆಮೇಲೆ ಕೆಳಗಿನಿಂದ ವಾಲ್ವ್ ತೂರಿಸುವಾಗ ಲಾಕ್ ಕೂರುವ ಕಚ್ಚಿನ ಅಂಚು ಹೊಸ ತುಟಿಯನ್ನು ಕೊಯ್ಯುತ್ತದೆ. ತುದಿಗೆ ತೆಳು ಟೇಪ್ ಒಂದು ಸುತ್ತು ಹಾಕಿ, ಆಯಿಲ್ ಹಚ್ಚಿ, ತಿರುಗಿಸುತ್ತಾ ಮೆಲ್ಲಗೆ ಮೇಲೆ ತಂದು ಟೇಪ್ ಕಿತ್ತೆ. ಸ್ಪ್ರಿಂಗಿನ ಸುರುಳಿ ಒತ್ತೊತ್ತಾಗಿರುವ ಕಡೆ ಹೆಡ್ಡಿಗೆ, ಅಂದರೆ ಕೆಳಗೆ. ಎಲ್ಲ ಆದ ಮೇಲೆ ಇನ್‌ಟೇಕ್ ಪೋರ್ಟಿಗೆ ಸ್ವಲ್ಪ ಪೆಟ್ರೋಲ್ ಸುರಿದು ವಾಲ್ವಿನ ಸುತ್ತ ಜಿನುಗುತ್ತದೆಯಾ ನೋಡಿದೆ. ಇಲ್ಲ.

ಹೆಡ್ ಕೂರಿಸುವಾಗ ಬೋಲ್ಟ್ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ, ಟಾರ್ಕ್ ವ್ರೆಂಚಿನಲ್ಲಿ. ಬೆಲ್ಟ್ ಹಾಕಿದ ಮೇಲೆ ಸ್ಪ್ಯಾನರ್ ಹಿಡಿದು ಕ್ರ್ಯಾಂಕನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಿ ಗುರುತು ಮತ್ತೆ ಕೂಡುತ್ತದೆಯಾ ನೋಡಿ, ಆಮೇಲೆ ಸೆಲ್ಫ್. ಟ್ಯಾಪೆಟ್, ಅಂದರೆ ರಾಕರ್ ಮತ್ತು ವಾಲ್ವ್ ತುದಿಯ ನಡುವಿನ ಸಂದು, ಹೊಸದಾಗಿ ಸೆಟ್ ಮಾಡಲೇಬೇಕು. ಲ್ಯಾಪ್ ಮಾಡಿದ ವಾಲ್ವ್ ಸೀಟಿನೊಳಗೆ ಸ್ವಲ್ಪ ಇಳಿದು ಸಂದು ಕಡಿಮೆ ಆಗಿರುತ್ತದೆ.

ಸ್ಟಾರ್ಟ್ ಮಾಡಿದಾಗ ಮೊದಲಿಗಿಂತ ಜಾಸ್ತಿ ಹೊಗೆ ಬಂದರೆ ಗಾಬರಿ ಬೇಡ. ಸೈಲೆನ್ಸರಿನಲ್ಲಿ ಸೇರಿಕೊಂಡ ಹಳೇ ಆಯಿಲ್ ಸುಟ್ಟು ಹೋಗಬೇಕಲ್ವಾ? ಒಂದು ಉದ್ದದ ಓಟ ಓಡಿಸಿದ ಮೇಲೆ ನಿಂತಿತು. ಮೊದಲು 800 ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಸುರಿಯಬೇಕಿತ್ತು. ಈಗ ಒಂದು ಆಯಿಲ್ ಚೇಂಜಿನಿಂದ ಇನ್ನೊಂದರವರೆಗೆ ಡಿಪ್‌ಸ್ಟಿಕ್ ಮೇಲೆ ಸ್ವಲ್ಪವೇ ಇಳಿಯುತ್ತದೆ, ನಡುವೆ ಆಯಿಲ್ ಸುರಿಯುವ ಕೆಲಸ ಇಲ್ಲ.